ಹಿಮದ ನಾಡು, ಬಿಸಿಲ ನಾಡು

ಮನುಷ್ಯನ ನಡೆನುಡಿಗಳಲ್ಲಿ ಎಷ್ಟು ಪಾಲು ಅವನ ತತ್ತ್ವದಿಂದ ಬಂದುದು, ಎಷ್ಟು ಪಾಲು ಅವನು ಹುಟ್ಟಿ ಬೆಳೆದ ನೆಲದ ಹವೆಯಿಂದ ಬಂದುದು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನಸುಕಿನಲ್ಲೆದ್ದು ಸ್ನಾನ ಮಾಡುವುದು, ಅಂಗಳಕ್ಕೆ ನೀರು ಹೊಡೆದು ರಂಗೋಲಿ ಇಡುವುದು, ಮನೆಯೊಳಗೆ ಬರಿಗಾಲಿನಲ್ಲಿ ನಡೆಯುವುದು, ಊಟದ ಕೊನೆಗೆ ಮಜ್ಜಿಗೆ ಕುಡಿಯುವುದು, ಇವೆಲ್ಲ ಹಿರಿಯರು ಹಾಕಿಕೊಟ್ಟ ಸದಾಚಾರಗಳೆಂದು ನಂಬಿ ನಡೆದುಕೊಂಡು ಬಂದಿದ್ದೇವೆ. ನಂಬುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಬೇರೊಂದು ಹವೆಯಲ್ಲಿ ಬಾಳುವ ಜನರನ್ನು ಅಳೆಯಹೊರಟಾಗ ಅನರ್ಥಕ್ಕೆ ಮೊದಲಾಗುತ್ತದೆ.

ಹಿಂದಿನ ತಲೆಮಾರಿನವರಿಗೆ ಉತ್ತರ ದೇಶವೆಂದರೆ ಬಾಳಿನಲ್ಲಿ ಒಮ್ಮೆ ಕೈಗೊಳ್ಳುವ ಕಾಶಿ ಕೇದಾರಗಳ ಯಾತ್ರೆ ಮಾತ್ರ. ಈಗ ಹಾಗಿಲ್ಲ. ನಮ್ಮ ಮಕ್ಕಳು ವಿದ್ಯೆಗಾಗಿ ದೆಹಲಿ, ಚಂಡೀಗಢ, ಡೆಹರಾಡೂನುಗಳಿಗೆ ಹೋಗುತ್ತಾರೆ. ಸೇನೆಗೆ ಸೇರಿದವರು ಕಾಶ್ಮೀರ, ಲಡಾಖುಗಳ ಗಡಿಯಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಸೊಸೆಯಂದಿರು ಬರುವುದೂ, ಇಲ್ಲಿಂದ ಮಗಳನ್ನು ಅಲ್ಲಿಗೆ ಕೊಡುವುದೂ ಅಪರೂಪವಾಗಿ ಉಳಿದಿಲ್ಲ. ‘ಹೊತ್ತೇರಿದರೂ ಮೈಮೇಲೆ ನೀರು ಹಾಕಿಕೊಳ್ಳುವುದಿಲ್ಲವಲ್ಲ’ ಎಂದು ಅತ್ತೆ ಗೊಣಗುವುದು, ‘ಅಡುಗೆಮನೆಗೇ ನೆಂಟರನ್ನು ಕರೆದು ಕೂರಿಸುತ್ತಾರಲ್ಲ’ ಎಂದು ನೆರೆಯವರು ಆಡಿಕೊಳ್ಳುವುದು, ‘ದಕ್ಷಿಣದವರಿಗೆ ಅನ್ನ, ಹುಳಿ ಬಿಟ್ಟರೆ ಬೇರೇನು ಗೊತ್ತು’ ಎಂದು ಆ ಕಡೆಯವರು ಹಗುರವಾಗಿ ನುಡಿಯುವುದು, ಇವೆಲ್ಲ ಸಣ್ಣ ಮಾತುಗಳೇ ಸರಿ. ಸಣ್ಣ ಮಾತುಗಳಿಂದಲೇ ಸಂಸಾರಗಳು ಬಿರುಕು ಬಿಡುತ್ತವೆ. ಆದುದರಿಂದ ಈ ತಿಂಗಳು ಓದುಗ ಬಂಧುಗಳೊಡನೆ ಹವೆಗೂ ಬಾಳಿಗೂ ಇರುವ ನಂಟಿನ ಕುರಿತು ನಾಲ್ಕು ಮಾತು ಹಂಚಿಕೊಳ್ಳಬಯಸಿದ್ದೇವೆ.

ಸೂರ್ಯನ ಲೆಕ್ಕ, ಎತ್ತರದ ಲೆಕ್ಕ

ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ; ಲಡಾಖಿನ ಲೇಹ್ ಪಟ್ಟಣ 34 ಡಿಗ್ರಿ ಉತ್ತರಕ್ಕಿದೆ. ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ಬೆಂಗಳೂರಿನಲ್ಲಿ 11 ಗಂಟೆ 20 ನಿಮಿಷಗಳಷ್ಟು ಇದ್ದರೆ, ದೆಹಲಿಯಲ್ಲಿ 10 ಗಂಟೆ 20 ನಿಮಿಷ, ಲೇಹ್‌ನಲ್ಲಿ 10 ಗಂಟೆಗೂ ಕಡಮೆ. ಜೂನ್ ತಿಂಗಳಲ್ಲಿ ಇದು ತಿರುವುಮುರುವಾಗಿ, ಬೆಂಗಳೂರಿನ ಹಗಲು 13 ಗಂಟೆಯನ್ನು ಮುಟ್ಟದಿರುವಾಗ ಲೇಹ್‌ನಲ್ಲಿ ಹದಿನಾಲ್ಕೂವರೆ ಗಂಟೆ ಬೆಳಕಿರುತ್ತದೆ. ವರ್ಷವಿಡೀ ಹೆಚ್ಚು ಕಡಮೆ ಒಂದೇ ಹೊತ್ತಿಗೆ ಏಳುವ, ಒಂದೇ ಹೊತ್ತಿಗೆ ದೀಪ ಹಚ್ಚುವ ನಮ್ಮ ದಿನಚರಿ ಅಲ್ಲಿ ನಡೆಯದು. ಅಲ್ಲಿಯ ಜನ ಬೇಸಿಗೆಯಲ್ಲಿ ದುಡಿಮೆಯನ್ನು ಹಿಗ್ಗಿಸಿ, ಚಳಿಗಾಲದಲ್ಲಿ ಕುಗ್ಗಿಸಿಕೊಳ್ಳಲೇಬೇಕು.

ಎತ್ತರದ ಲೆಕ್ಕ ಇನ್ನೊಂದು. ನೆಲ 1,000 ಮೀಟರಿನಷ್ಟು ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕೇದಾರವೂ ಹೆಚ್ಚು ಕಡಮೆ ಅಷ್ಟೇ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಲ ತೀರದಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟು ಮಾತ್ರ. ಉಸಿರಾಟದಿಂದ ಹಿಡಿದು ಬೇಳೆ ಬೇಯುವವರೆಗೆ ಎಲ್ಲದರ ಮೇಲೂ ಇದರ ಪ್ರಭಾವವುಂಟು.

ಹಾಗೆಂದು ಉತ್ತರವೆಲ್ಲ ಚಳಿಯೆಂದೂ, ದಕ್ಷಿಣವೆಲ್ಲ ಬಿಸಿಲೆಂದೂ ಭಾವಿಸಲಾಗದು. ದೆಹಲಿಯ ಒಂದೇ ಮನೆಯಲ್ಲಿ ಜನವರಿಯ ಮಂಜಿಗೆ ದಪ್ಪನೆಯ ರಜಾಯಿಯೂ ಬೇಕು, ಮೇ ತಿಂಗಳ ‘ಲೂ’ ಎಂಬ ಬಿಸಿಗಾಳಿಗೆ ಕೂಲರೂ ಬೇಕು. ನಮ್ಮಲ್ಲಿ ಕಲಬುರಗಿ, ರಾಯಚೂರುಗಳು ಬೇಸಿಗೆಯಲ್ಲಿ 42 ಡಿಗ್ರಿಯನ್ನು ದಾಟುತ್ತವೆ. ಅದೇ ಸೀಮೆಯ ಬೀದರಿನಲ್ಲಿ ಡಿಸೆಂಬರಿನ ಕೆಲವು ರಾತ್ರಿಗಳು 10 ಡಿಗ್ರಿಗಿಂತ ಕೆಳಗಿಳಿಯುತ್ತವೆ. ಆದರೂ ವರ್ಷದಲ್ಲಿ ಆರು ತಿಂಗಳು ನೆಲ ಹೆಪ್ಪುಗಟ್ಟುವ ಬಾಳಿಗೂ, ಹನ್ನೆರಡು ತಿಂಗಳೂ ಅಂಗಳದಲ್ಲಿ ಕೂರಬಹುದಾದ ಬಾಳಿಗೂ ಇರುವ ಅಂತರ ದೊಡ್ಡದು. ಶಾಲೆಗಳ ರಜೆಯನ್ನೇ ನೋಡಿರಿ. ನಮ್ಮ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಕಾಶ್ಮೀರ, ಲಡಾಖುಗಳ ಮಕ್ಕಳಿಗೆ ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ಬಿಸಿಲಿಗೆ ಅಂಜಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನದ ಹೊತ್ತಿಗೆ ಮುಚ್ಚುವ ಪದ್ಧತಿಯೂ ಇದೇ ಬಗೆಯ ಹೊಂದಾಣಿಕೆ.

ಮನೆಯೆಂಬ ಕವಚ

ನಮ್ಮ ಹಳೆಯ ಮನೆಗಳು ಬಿಸಿಲನ್ನು ಹೊರಗಿಡಲು ಹುಟ್ಟಿದವು. ಹಿಮದ ನಾಡಿನ ಮನೆಗಳು ಬಿಸಿಲನ್ನು ಒಳಗೆ ಕರೆಯಲು ಹುಟ್ಟಿದವು. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಒಂದು ಮೊಳಕ್ಕಿಂತ ದಪ್ಪನೆಯ ಮಣ್ಣಿನ ಗೋಡೆ, ತಲೆಯ ಮೇಲೆ ಮಣ್ಣು ಹಾಸಿದ ಛಾವಣಿ, ಮೇಲಿನಿಂದ ಬೆಳಕನ್ನಷ್ಟೇ ಬಿಡುವ ಬೆಳಕಿಂಡಿ ಇರುತ್ತಿದ್ದವು. ಹೊರಗೆ ಕಟ್ಟೆ, ಒಳಗೆ ಪಡಸಾಲೆ. ಬಂದವರು ಕಟ್ಟೆಯ ಮೇಲೆ ಕುಳಿತು ನೀರು, ಬೆಲ್ಲ ಸ್ವೀಕರಿಸಿ ಮಾತನಾಡಿ ಹೋಗುತ್ತಿದ್ದರು.

ಲಡಾಖಿನ ಮನೆಯೂ ದಪ್ಪ ಮಣ್ಣಿನ ಗೋಡೆಯದೇ, ಮಟ್ಟಸವಾದ ಮಣ್ಣಿನ ಛಾವಣಿಯದೇ. ಅಲ್ಲಿ ಮಳೆ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಾತ್ರವಾದುದರಿಂದ ಇಳಿಜಾರು ಛಾವಣಿಯ ಅಗತ್ಯ ಬೀಳಲಿಲ್ಲ. ವಿಜಯಪುರದ ಮಾಳಿಗೆ ಮನೆಗೂ ಲಡಾಖಿನ ಮನೆಗೂ ಇರುವ ಹೋಲಿಕೆ ಕಂಡು ನಾವು ಬೆರಗಾಗಬೇಕು. ಆದರೆ ಅಲ್ಲಿಯ ದೊಡ್ಡ ಕಿಟಕಿಗಳೆಲ್ಲ ದಕ್ಷಿಣಕ್ಕೆ ಮುಖಮಾಡಿರುತ್ತವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿ ಸಾಗುವುದರಿಂದ ಆ ಬಿಸಿಲು ಕೋಣೆಯ ಒಳಗೋಡೆಯವರೆಗೆ ಬರಲೆಂಬ ಉದ್ದೇಶ. ಹಿಮಾಚಲದ ಕುಲ್ಲು, ಕಿನ್ನೌರ ಕಡೆಯ ಮನೆಗಳಲ್ಲಿ ಕಲ್ಲಿನ ಸಾಲು, ದೇವದಾರು ಮರದ ಸಾಲುಗಳನ್ನು ಒಂದರ ಮೇಲೊಂದರಂತೆ ಗಾರೆಯಿಲ್ಲದೆ ಜೋಡಿಸುತ್ತಾರೆ. ಕೆಳ ಅಂತಸ್ತು ದನಕರುಗಳಿಗೆ, ಮೇಲಿನದು ಜನರಿಗೆ. ದನದ ಮೈಬಿಸಿ ಮೇಲೇರಿ ಮನೆಯನ್ನು ಬೆಚ್ಚಗಿಡುತ್ತದೆ. ‘ದನದ ಕೊಟ್ಟಿಗೆಯ ಮೇಲೆ ಮಲಗುವರೇ’ ಎಂದು ಮೂಗು ಮುರಿಯುವವರು ಈ ಲೆಕ್ಕವನ್ನು ತಿಳಿಯಬೇಕು.

ಅಂತೆಯೇ ಅಡುಗೆಮನೆಯ ಮಾತು. ನಮ್ಮಲ್ಲಿ ಅಡುಗೆಮನೆ ಒಳಗಿನ, ಮಡಿಯ ಸ್ಥಳ. ಹೊರಗಿನವರು ಅಲ್ಲಿಗೆ ಕಾಲಿಡುವುದಿಲ್ಲ. ಒಲೆಯ ಕಾವಿನಿಂದ ದೂರ ಕೂರುವುದೇ ನಮಗೆ ಸುಖ. ಲಡಾಖಿನಲ್ಲಿ ಅಡುಗೆಮನೆಯೇ ಮನೆಯ ದೊಡ್ಡ ಕೋಣೆ, ಅಲ್ಲಿ ಮಾತ್ರವೇ ಬೆಂಕಿ. ನೆಂಟರನ್ನು ಒಲೆಯ ಹತ್ತಿರ ಕೂರಿಸುವುದೇ ಅವರಿಗೆ ಸಲ್ಲಿಸುವ ಹೆಚ್ಚಿನ ಗೌರವ. ನಮ್ಮ ಕಟ್ಟೆಯ ತಂಪು, ಅವರ ಒಲೆಯ ಕಾವು, ಎರಡೂ ಅತಿಥಿಸತ್ಕಾರವೇ.

ಒಂದೇ ಧಾನ್ಯ, ಎರಡು ಗುಣ

ಗಢವಾಲದ ಬೆಟ್ಟಗಳಲ್ಲಿ ‘ಮಂಡುವಾ’ ಎಂಬ ಧಾನ್ಯವನ್ನು ಬೆಳೆಯುತ್ತಾರೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ರಾಗಿಯೇ. ಹಲವು ಬಗೆಯ ಕಾಳು, ಧಾನ್ಯಗಳನ್ನು ಒಂದೇ ಹೊಲದಲ್ಲಿ ರಾಗಿಯೊಂದಿಗೆ ಬೆರೆಸಿ ಬಿತ್ತುವ ಪದ್ಧತಿಗೆ ಅಲ್ಲಿಯವರು ‘ಬಾರಹ್‌ನಾಜಾ’, ಎಂದರೆ ಹನ್ನೆರಡು ಧಾನ್ಯ ಎನ್ನುತ್ತಾರೆ. ನಮ್ಮ ಹಳೆಯ ಮೈಸೂರು ಸೀಮೆಯ ರೈತರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಬಿಡುವುದೂ ಇದೇ ವಿವೇಕ. ಆದರೆ ಗಢವಾಲದವರು ರಾಗಿಯನ್ನು ಚಳಿಗಾಲದ ಆಹಾರವೆನ್ನುತ್ತಾರೆ. ದಪ್ಪ ರೊಟ್ಟಿ ತಟ್ಟಿ, ಮೇಲೆ ತುಪ್ಪ ಸವರಿ, ಮೈಗೆ ಕಾವು ಕೊಡುವುದೆಂದು ತಿನ್ನುತ್ತಾರೆ. ನಾವು ಅದನ್ನೇ ಬೇಸಿಗೆಯಲ್ಲಿ ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ, ಮೈಗೆ ತಂಪೆಂದು ಕುಡಿಯುತ್ತೇವೆ. ಧಾನ್ಯ ಒಂದೇ. ಅದನ್ನು ಕಾವಾಗಿಸಿದುದೂ ತಂಪಾಗಿಸಿದುದೂ ಮನುಷ್ಯನ ಕೈ, ಆ ಕೈಗೆ ದಾರಿ ತೋರಿದುದು ಹವೆ.

ಹೆಂಗಳೆಯರಿಗೆ ತಿಳಿದಿರುವ ಇನ್ನೂ ಕೆಲವು ಸಂಗತಿಗಳಿವೆ. ದೋಸೆಯ ಹಿಟ್ಟು ನಮ್ಮಲ್ಲಿ ರಾತ್ರಿ ಕಳೆಯುವುದರೊಳಗೆ ಹುಳಿ ಬರುತ್ತದೆ. ಉತ್ತರದ ಜನವರಿಯಲ್ಲಿ ಎರಡು ದಿನವಾದರೂ ಉಬ್ಬದು. ಮೊಸರು ಹೆಪ್ಪಾಗಲು ಪಾತ್ರೆಗೆ ಕಂಬಳಿ ಸುತ್ತಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಸಾಸಿವೆ ಎಣ್ಣೆ ಕಡುಚಳಿಯಲ್ಲೂ ಹರಿಯುತ್ತದೆ. ಉತ್ತರದವರು ಅಡುಗೆಗೂ ಮೈಗೂ ಸಾಸಿವೆ ಎಣ್ಣೆ ಬಳಸುವುದಕ್ಕೆ ಇದೂ ಒಂದು ಕಾರಣ. ಇನ್ನು 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ಎಷ್ಟು ಹೊತ್ತು ಕುದಿಸಿದರೂ ತೆರೆದ ಪಾತ್ರೆಯಲ್ಲಿ ಬೇಳೆ ಸರಿಯಾಗಿ ಬೇಯದು; ಕುಕ್ಕರು ಅಲ್ಲಿ ಅನಿವಾರ್ಯ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂಬ ಹೆಸರಿದೆ. ಆ ದಿನಗಳಿಗಾಗಿ ಸೋರೆ, ಬದನೆ, ಟೊಮೆಟೊ, ಟರ್ನಿಪ್ಪುಗಳನ್ನು ಬೇಸಿಗೆಯಲ್ಲೇ ಹೆಚ್ಚಿ ಒಣಗಿಸಿ ಇಡುತ್ತಾರೆ. ಲಡಾಖಿನವರು ಆಲೂಗಡ್ಡೆ, ಗಜ್ಜರಿ, ಮೂಲಂಗಿಗಳನ್ನು ನೆಲದಡಿಯ ಕುಳಿಗಳಲ್ಲಿ ಹೂತಿಟ್ಟು ಚಳಿಗಾಲವೆಲ್ಲ ತೆಗೆದು ಬಳಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸತೆನಿಸದು. ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ಒಣಗಿಸಿ ಡಬ್ಬಿ ತುಂಬುವ ನಮ್ಮ ತಾಯಂದಿರೂ, ಬದನೆಯ ಹೋಳುಗಳನ್ನು ದಾರಕ್ಕೆ ಪೋಣಿಸುವ ಅಲ್ಲಿಯ ತಾಯಂದಿರೂ ಒಂದೇ ಕಾಯಕದವರು. ಇಲ್ಲಿಯದು ಮಳೆಗಾಲದ ಎಚ್ಚರ, ಅಲ್ಲಿಯದು ಹಿಮದ ಎಚ್ಚರ.

ಮಾಂಸಾಹಾರದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಮನೆಗಳು ಶಾಕಾಹಾರವನ್ನು ವ್ರತವಾಗಿ ಹಿಡಿದಿವೆ, ಹಿಡಿದಿರಲಿ. ಮುಂಗಾರು, ಹಿಂಗಾರು ಎಂದು ಎರಡು ಬೆಳೆ ಕೊಡುವ ಭೂಮಿ ನಮ್ಮದು. ವರ್ಷವಿಡೀ ಒಂದಲ್ಲ ಒಂದು ಸೊಪ್ಪು ಹಿತ್ತಲಲ್ಲಿ ಸಿಗುತ್ತದೆ. ಮೇ ತಿಂಗಳಲ್ಲಿ ಬಿತ್ತಿ ಸೆಪ್ಟೆಂಬರಿನಲ್ಲಿ ಕೊಯ್ಯುವ ಒಂದೇ ಬಾರ್ಲಿ ಬೆಳೆಯಲ್ಲಿ ವರ್ಷ ಕಳೆಯಬೇಕಾದ ಲಡಾಖಿನಲ್ಲಿ, ಅಹಿಂಸೆಯನ್ನು ಬೋಧಿಸುವ ಬೌದ್ಧಧರ್ಮದ ಮನೆಗಳೂ ಚಳಿಗಾಲದಲ್ಲಿ ಮಾಂಸವನ್ನು ಬಿಟ್ಟಿರಲಿಲ್ಲ. ನಮ್ಮ ವ್ರತಕ್ಕೆ ನಮ್ಮ ನೆಲವೂ ನೆರವಾಗಿದೆ ಎಂಬ ವಿನಯ ನಮ್ಮಲ್ಲಿದ್ದರೆ, ವ್ರತವೂ ಉಳಿಯುತ್ತದೆ, ಇನ್ನೊಬ್ಬರನ್ನು ಹೀಗಳೆಯುವ ಪಾಪವೂ ತಪ್ಪುತ್ತದೆ.

ನೀರು ಮತ್ತು ಶುಚಿ

ಶುಚಿಯೆಂದರೆ ನಮಗೆ ನೀರು. ಸ್ನಾನ ಮಾಡದೆ ಪೂಜೆಗೆ ಕೂರುವುದನ್ನು ನಾವು ಊಹಿಸಲಾರೆವು. ಬೆವರು ಹರಿಯುವ ನಾಡಿನಲ್ಲಿ ಇದು ಆರೋಗ್ಯಕ್ಕೂ ಅಗತ್ಯ. ಆದರೆ ಉಷ್ಣತೆ ಸೊನ್ನೆಗಿಂತ 15, 20 ಡಿಗ್ರಿ ಕೆಳಗಿಳಿಯುವ ಕಡೆ ನಲ್ಲಿಯ ಕೊಳವೆಗಳೇ ಹೆಪ್ಪುಗಟ್ಟುತ್ತವೆ. ಐಸನ್ನು ಒಡೆದು ಬಕೆಟ್ಟಿನಲ್ಲಿ ತುಂಬಿ ತಂದು ಕಾಸಿದರೆ ಮಾತ್ರ ನೀರು. ಕಾಸಲು ಸಗಣಿಯ ಬೆರಣಿಯನ್ನೋ ಪುರಳೆಯನ್ನೋ ಬೇಸಿಗೆಯಲ್ಲೇ ಕೂಡಿಟ್ಟಿರಬೇಕು. ಅಷ್ಟು ಉರುವಲನ್ನು ದಿನನಿತ್ಯದ ಸ್ನಾನಕ್ಕೆ ಸುಟ್ಟರೆ ಅಡುಗೆಗೆ ಉಳಿಯದು. ಅಲ್ಲಿಯ ಒಣಗಾಳಿಯಲ್ಲಿ ಬೆವರು ನಿಲ್ಲುವುದಿಲ್ಲ. ಅತಿಯಾಗಿ ತೊಳೆದ ಚರ್ಮ ಬಿರಿಯುತ್ತದೆ.

ಲಡಾಖಿನ ಹಳ್ಳಿಗಳ ಪಾಯಿಖಾನೆಯ ವ್ಯವಸ್ಥೆಯಂತೂ ಗಮನಿಸತಕ್ಕದ್ದು. ಮೇಲಿನ ಕೋಣೆಯ ನೆಲದಲ್ಲಿ ಕಿಂಡಿ, ಪಕ್ಕದಲ್ಲಿ ಮಣ್ಣು ಬೂದಿಗಳ ರಾಶಿ. ನೀರಿಗೆ ಬದಲಾಗಿ ಮಣ್ಣೆಳೆದು ಮುಚ್ಚುತ್ತಾರೆ. ಕೆಳಗಿನ ಕೋಣೆಯಲ್ಲಿ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನೀರು ಹೆಪ್ಪುಗಟ್ಟುವ ನಾಡಿನಲ್ಲಿ ನೀರಿಲ್ಲದೆಯೇ ಶುಚಿಯನ್ನು ಸಾಧಿಸಿದ ಜಾಣ್ಮೆ ಇದು. ಪ್ರವಾಸಿಗರ ವಸತಿಗೃಹಗಳು ಹೆಚ್ಚಿ, ನೀರು ಸುರಿಯುವ ಪಾಯಿಖಾನೆಗಳು ಬಂದ ಮೇಲೆ ಲೇಹ್ ಪಟ್ಟಣದಲ್ಲಿ ನೀರಿನ ಕೊರತೆಯೂ ಕೊಳಚೆಯ ತೊಂದರೆಯೂ ತಲೆದೋರಿವೆ. ಶುಚಿಯ ಹೆಸರಿನಲ್ಲಿ ಒಂದು ನಾಡಿನ ರೂಢಿಯನ್ನು ಇನ್ನೊಂದು ನಾಡಿಗೆ ಹೊತ್ತು ತಂದ ಫಲ ಇದು.

ಉಡುಪು ಮತ್ತು ಬೆಂಕಿ

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಧೋತರ, ರುಮಾಲು, ಇವೆಲ್ಲ ಗಾಳಿಯಾಡುವ ಉಡುಪುಗಳು. ಕಾಶ್ಮೀರದ ಫೆರನ್ ಮಂಡಿಯ ಕೆಳಗಿಳಿಯುವ ಸಡಿಲ ಉಣ್ಣೆಯ ಅಂಗಿ. ಅದರೊಳಗೆ ಬೆತ್ತದಂಥ ಕಡ್ಡಿಗಳಿಂದ ಹೆಣೆದ ಬುಟ್ಟಿಯಲ್ಲಿ ಕೆಂಡ ತುಂಬಿದ ಮಣ್ಣಿನ ಕುಡಿಕೆ, ‘ಕಾಂಗ್ರಿ’, ಇರುತ್ತದೆ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಮೇಕೆಗಳಿಗೆ ಕಡುಚಳಿಯ ಕಾರಣದಿಂದಲೇ ಹೊರಗೂದಲಿನ ಅಡಿಯಲ್ಲಿ ನವಿರಾದ ಒಳಗೂದಲು ಬೆಳೆಯುತ್ತದೆ, ಅದೇ ಪಶ್ಮೀನಾ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಅದರ ಕರಿಯ ಕಂಬಳಿ ಕುರಿಗಾಹಿಗೆ ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ಬಿಸಿಲಿನಲ್ಲಿ ನೆರಳು.

ಇಲ್ಲಿ ಓದುಗರಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಗಿಲು ಕಿಟಕಿ ತೆರೆದಿಟ್ಟೇ ಬೆಳೆದವರು ನಾವು. ಒಲೆಯ ಹೊಗೆ ಹೇಗೋ ಹೊರಗೆ ಹೋಗುತ್ತದೆ. ಕೆಂಡವನ್ನು ಅಪಾಯವೆಂದು ನಾವು ಎಣಿಸುವುದಿಲ್ಲ. ಉತ್ತರದ ಚಳಿಯಲ್ಲಿ ಕೋಣೆಯ ಬಾಗಿಲು ಬಿಗಿದು, ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಗಾಳಿ ಸಾಲದೆ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಸ್ಥಳದಲ್ಲಿ ಅದು ಕೂರುತ್ತದೆ. ಮೊದಲು ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲ. ಗಾಳಿಯಾಡದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿದಾಗ ನಮ್ಮ ಊರುಗಳಲ್ಲೇ ಇಂತಹ ಸಾವುಗಳು ಆಗಿವೆ. ಮಕ್ಕಳನ್ನು ಉತ್ತರಕ್ಕೆ ಕಳುಹಿಸುವ ತಂದೆತಾಯಂದಿರು ಉಪ್ಪಿನಕಾಯಿಯ ಭರಣಿಯೊಂದಿಗೆ ಈ ಮಾತನ್ನೂ ಕಟ್ಟಿಕೊಡಬೇಕು: ಮಲಗುವ ಮುನ್ನ ಕೆಂಡ ಹೊರಗೆ, ಕಿಟಕಿ ಒಂದು ಬೆರಳಿನಷ್ಟಾದರೂ ತೆರೆದು.

ಕೇದಾರದ ಪಾಠ

ಹವೆಗೆ ತಲೆಬಾಗುವುದು ಧರ್ಮಕ್ಕೆ ಕುಂದೇ ಎಂದು ಕೇಳುವವರಿಗೆ ಕೇದಾರವೇ ಉತ್ತರ ಹೇಳುತ್ತದೆ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಹಿಮವತ್ಕೇದಾರ ಪೀಠವು ಗಢವಾಲದ ಊಖಿಮಠದಲ್ಲಿದೆ. ಕೇದಾರನಾಥದ ರಾವಲರು ವೀರಶೈವ ಜಂಗಮ ಪರಂಪರೆಯವರು. ಪೂಜೆ ಸಲ್ಲಿಸುವ ಅರ್ಚಕರೂ ದಕ್ಷಿಣದ ನಾಡಿನಿಂದಲೇ ಹೋದವರು. ಬಿಸಿಲ ನಾಡಿನಲ್ಲಿ ಹುಟ್ಟಿದವರು ಹಿಮದ ನಾಡಿನಲ್ಲಿ ನಿಂತು ತಲೆಮಾರುಗಳಿಂದ ಸೇವೆ ಸಲ್ಲಿಸುತ್ತ ಬಂದಿದ್ದಾರೆ.

ದೀಪಾವಳಿಯ ಬಳಿಕ ಕಾರ್ತಿಕ ಶುದ್ಧ ಬಿದಿಗೆಯಂದು ಕೇದಾರನಾಥನ ಗುಡಿಯ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿರಿಸಿ ಬೆಟ್ಟವಿಳಿಸಿ ಊಖಿಮಠದ ಓಂಕಾರೇಶ್ವರ ಗುಡಿಗೆ ತರುತ್ತಾರೆ. ಸುಮಾರು ಆರು ತಿಂಗಳು ಪೂಜೆ ಅಲ್ಲಿಯೇ. ಮೇಲಿನ ಗುಡಿಯನ್ನು ಮತ್ತೆ ಯಾವಾಗ ತೆರೆಯಬೇಕೆಂಬುದನ್ನು ಮಹಾಶಿವರಾತ್ರಿಯಂದು ಊಖಿಮಠದಲ್ಲಿ ನಿಶ್ಚಯಿಸುತ್ತಾರೆ. ದೇವರು ಚಳಿಗೆ ಅಂಜಿದನೆಂದು ಯಾರೂ ನಗುವುದಿಲ್ಲ, ಪೂಜೆ ನಿಂತಿತೆಂದು ಯಾರೂ ಕೊರಗುವುದಿಲ್ಲ. ಪೂಜೆ ನಿಲ್ಲಲಿಲ್ಲ, ಸ್ಥಳ ಬದಲಾಯಿತು, ಅಷ್ಟೆ. ಬಿಡಬಾರದ್ದನ್ನು ಬಿಡದೆ, ಬದಲಿಸಬಹುದಾದುದನ್ನು ಬದಲಿಸುವ ವಿವೇಕ ಇದು. ಬೆಟ್ಟದ ಕುರುಬರೂ ಇದೇ ನಡೆಯನ್ನು ನಡೆಯುತ್ತಾರೆ: ಬೇಸಿಗೆಯಲ್ಲಿ ಮಂದೆಯೊಂದಿಗೆ ಮೇಲಕ್ಕೆ, ಚಳಿಗೆ ಮುನ್ನ ಕೆಳಕ್ಕೆ.

ಹಿಮದಿಂದ ಬಿಸಿಲಿಗೆ ಬಂದವರು

ಈ ಪಾಠವನ್ನು ತಲೆಕೆಳಗಾಗಿ ಕಲಿಯಬೇಕಾದವರು ನಮ್ಮ ನಡುವೆಯೇ ಇದ್ದಾರೆ. 1959ರ ನಂತರ ಟಿಬೆಟ್ಟನ್ನು ತೊರೆದು ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲೂ, ಅದೇ ದಶಕದಲ್ಲಿ ಮುಂಡಗೋಡದಲ್ಲೂ ನೆಲೆ ನೀಡಿತು. ಎತ್ತರದ, ಒಣಗಾಳಿಯ ನಾಡಿನಿಂದ ಬಂದ ಆ ಜನರಿಗೆ ಮಲೆನಾಡಿನ ಅಂಚಿನ ಕಾವೂ, ತೇವವೂ, ಕಾಡೂ ಮೊದಲ ವರ್ಷಗಳಲ್ಲಿ ಬಹಳ ಕಷ್ಟ ಕೊಟ್ಟವು. ದಪ್ಪ ಉಣ್ಣೆಯ ನಿಲುವಂಗಿಗೆ ಬದಲಾಗಿ ತೆಳು ಬಟ್ಟೆ ಬಂದಿತು. ಬಾರ್ಲಿ ಬಿತ್ತುತ್ತಿದ್ದ ಕೈಗಳು ಮೆಕ್ಕೆಜೋಳ ಬಿತ್ತಲು ಕಲಿತವು. ಚಳಿಗಾಲ ಬಂದೊಡನೆ ಅವರು ದೇಶದ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದನ್ನು ನಾವೆಲ್ಲ ಕಂಡಿದ್ದೇವೆ. ಉಡುಪು ಬದಲಾಯಿತು, ಬೆಳೆ ಬದಲಾಯಿತು. ಬೈಲಕುಪ್ಪೆಯ ಸೆರಾ, ಮುಂಡಗೋಡದ ಡ್ರೆಪುಂಗ್, ಗಂಡೆನ್ ವಿಹಾರಗಳಲ್ಲಿ ಅವರ ಅಧ್ಯಯನ, ಪ್ರಾರ್ಥನೆಗಳು ಬದಲಾಗದೆ ನಡೆದಿವೆ.

ಬೆಟದೂರಿನ ಯೋಧ

ಹವೆಯೊಡನೆ ಹೊಂದಿಕೊಳ್ಳುವುದು ಎಷ್ಟು ಕಠಿಣವೆಂಬುದಕ್ಕೆ ಕುಂದಗೋಳ ತಾಲ್ಲೂಕಿನ ಬೆಟದೂರು ಗ್ರಾಮದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯದೆ ಇರಲಾಗದು. ಧಾರವಾಡ ಜಿಲ್ಲೆಯ ಎರೆಭೂಮಿಯ ಬಿಸಿಲಿನಲ್ಲಿ ಬೆಳೆದ ಆ ಮಗ ಸಿಯಾಚಿನ್ ಹಿಮನದಿಯ ಮೇಲೆ ಸುಮಾರು 19,600 ಅಡಿ ಎತ್ತರದಲ್ಲಿ ಕಾವಲು ನಿಂತಿದ್ದರು. 2016ರ ಫೆಬ್ರುವರಿ 3ರಂದು ಹಿಮ ಕುಸಿದು ಹತ್ತು ಮಂದಿ ಸೈನಿಕರು ಹೂತುಹೋದರು. ಆರು ದಿನಗಳ ಬಳಿಕ, ಸುಮಾರು 25 ಅಡಿ ಹಿಮದ ಅಡಿಯಿಂದ ಹನುಮಂತಪ್ಪನವರನ್ನು ಜೀವಸಹಿತ ಹೊರತೆಗೆದರು. ದೇಶವೇ ಕೈಮುಗಿದು ಕಾಯ್ದಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ನಾವು ಕಟ್ಟೆಯ ಮೇಲೆ ತಂಗಾಳಿಗೆ ಕುಳಿತಿರುವ ಹೊತ್ತಿನಲ್ಲಿ, ನಮ್ಮ ಊರುಗಳ ಎಷ್ಟೋ ಮಕ್ಕಳು ಆ ಹಿಮದಲ್ಲಿ ನಿಂತಿರುತ್ತಾರೆಂಬ ಅರಿವು ನಮ್ಮ ಪ್ರತಿಯೊಂದು ಮನೆಯಲ್ಲೂ ಇರಬೇಕು.

ಗೃಹಸ್ಥರಲ್ಲಿ ನಮ್ಮ ವಿನಂತಿ

ಇಷ್ಟು ಹೇಳಿದ ಮೇಲೆ ಓದುಗ ಬಂಧುಗಳ ಮುಂದೆ ಕೆಲವು ವಿನಂತಿಗಳನ್ನು ಇಡುತ್ತೇವೆ.

ಕೇದಾರ ಯಾತ್ರೆಗೆ ಹೊರಡುವ ಹಿರಿಯರು ಭಕ್ತಿಯನ್ನು ಮಾತ್ರ ನಂಬಿ ಅವಸರಪಡಬಾರದು. ಗೌರಿಕುಂಡದಿಂದ ಕೇದಾರಕ್ಕೆ ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಏರಬೇಕಾಗುತ್ತದೆ. ದಾರಿಯಲ್ಲಿ ಒಂದೆರಡು ದಿನ ತಂಗಿ ದೇಹವನ್ನು ಒಗ್ಗಿಸಿಕೊಂಡು, ಹೃದಯ ಮತ್ತು ಉಸಿರಾಟದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆದು ಏರಬೇಕು. ಲೇಹ್‌ಗೆ ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ವಿಶ್ರಾಂತಿಯಲ್ಲೇ ಇರಬೇಕು. ತಲೆನೋವು, ವಾಂತಿ, ಉಬ್ಬಸ ಹೆಚ್ಚಿದರೆ ಕೆಳಗಿಳಿಯುವುದೇ ಮೊದಲ ಮದ್ದು. ಒಂದು ದಪ್ಪ ಕೋಟಿಗಿಂತ, ಒಂದರ ಮೇಲೊಂದು ಧರಿಸಿದ ತೆಳು ಉಡುಪುಗಳು ಹೆಚ್ಚು ಬೆಚ್ಚಗಿಡುತ್ತವೆ. ಪದರಗಳ ನಡುವೆ ನಿಂತ ಗಾಳಿಯೇ ಕವಚ. ತಲೆ, ಕಿವಿ, ಪಾದಗಳನ್ನು ಮರೆಯಬಾರದು.

ಉತ್ತರದಿಂದ ಬಂದ ಸೊಸೆಗೆ ಒಂದು ವರ್ಷದ ಋತುಚಕ್ರವನ್ನಾದರೂ ಕೊಡಿರಿ. ನಮ್ಮ ಬೇಸಿಗೆಯನ್ನು ಒಮ್ಮೆ ದಾಟಿದ ಮೇಲೆ, ನಸುಕಿನ ಸ್ನಾನದ ಸುಖವನ್ನೂ ಮಜ್ಜಿಗೆಯ ಬೆಲೆಯನ್ನೂ ಯಾರೂ ಅವಳಿಗೆ ಹೇಳಿಕೊಡಬೇಕಾಗುವುದಿಲ್ಲ. ಉತ್ತರಕ್ಕೆ ಹೋದ ನಮ್ಮ ಮಗಳು ಜನವರಿಯಲ್ಲಿ ಬಿಸಿನೀರಿನಲ್ಲಿ ಕೈಕಾಲು ಮುಖ ತೊಳೆದು ಶುಚಿಯಾಗಿ ಲಿಂಗಪೂಜೆಗೆ ಕುಳಿತಳೆಂದು ತಿಳಿದರೆ ಅವಳನ್ನು ಆಕ್ಷೇಪಿಸಬೇಡಿರಿ. ಪೂಜೆಯನ್ನು ಬಿಡದೆ ಇದ್ದಾಳೆಂದು ಸಂತೋಷಪಡಿರಿ. ಶರಣರು ಮೈಯ ಶುಚಿಗಿಂತ ಮನದ ಶುಚಿಯನ್ನು ಮುಂದಿರಿಸಿದರೆಂಬುದನ್ನು ನಾವು ವೇದಿಕೆಯ ಮೇಲೆ ಹೇಳುವಷ್ಟು ಮನೆಯೊಳಗೆ ಪಾಲಿಸುವುದಿಲ್ಲ.

ಕೊನೆಯದಾಗಿ, ನಮ್ಮ ನೆಲದ ಜಾಣ್ಮೆಯನ್ನು ನಾವೇ ಕಳೆದುಕೊಳ್ಳದಿರೋಣ. ಮಣ್ಣಿನ ಮಾಳಿಗೆಯನ್ನು ಕೆಡವಿ ಕಾಂಕ್ರೀಟಿನ ಛಾವಣಿ ಹಾಕಿದ ಮನೆ ಕಲಬುರಗಿಯ ಮೇ ತಿಂಗಳ ರಾತ್ರಿಯಲ್ಲೂ ಕಾಯ್ದ ಹಂಚಿನಂತಿರುತ್ತದೆ. ಅದೇ ಕಾಂಕ್ರೀಟು ಲಡಾಖಿನ ಚಳಿಗಾಲದಲ್ಲಿ ಮಂಜಿನ ಪೆಟ್ಟಿಗೆಯಾಗುತ್ತದೆ. ಹೊಸ ಮನೆ ಕಟ್ಟುವವರು ಪಡಸಾಲೆಯ ನೆರಳನ್ನು, ಬೆಳಕಿಂಡಿಯನ್ನು, ಪಶ್ಚಿಮದ ಗೋಡೆಗೊಂದು ಬೇವಿನ ಮರವನ್ನು ನೆನೆಯಲಿ. ಸಂಕ್ರಾಂತಿಗೆ ನಾವು ಎಳ್ಳು ಬೆಲ್ಲ ಹಂಚುವ ದಿನಗಳಲ್ಲಿಯೇ ಉತ್ತರದವರು ಎಳ್ಳಿನ ಗಜಕ್, ಲಡ್ಡುಗಳನ್ನು ಹಂಚುತ್ತಾರೆ. ಒಣಗಾಳಿಗೆ ಮೈ ಬಿರಿಯುವ ಋತುವಿನಲ್ಲಿ ಎಣ್ಣೆಕಾಳೂ ಸಿಹಿಯೂ ಬೇಕೆಂಬುದನ್ನು ಎರಡು ನಾಡುಗಳ ಅಜ್ಜಿಯರೂ ಕಂಡುಕೊಂಡಿದ್ದರು. ಬರುವ ಸಂಕ್ರಾಂತಿಗೆ ನೆರೆಯಲ್ಲಿ ಉತ್ತರದ ಸಂಸಾರವೊಂದಿದ್ದರೆ, ಎಳ್ಳಿನ ತಟ್ಟೆಯೊಂದನ್ನು ಅವರ ಮನೆಗೂ ಕಳುಹಿಸಿರಿ.